ಲಂಡನ್ನಿನ ಹಳೆ ಮನೆ, ಫೋರ್ಟಿನ ಹಿಂಬದಿ ಮೆಟ್ಟಿಲು

ಎರಡು ವಾರ ಲಂಡನ್ ಆಫೀಸಿನಲ್ಲಿ ಕೆಲಸ ಮಾಡಿ ಮೊನ್ನೆ ಡೊಂಬಿವಲಿಗೆ ವಾಪಸ್ ಬಂದೆ. ಅರಮನೆ ನೋಡಿದ್ಯಾ, ದೊಡ್ಡ ಗಡಿಯಾರ ನೋಡಿದ್ಯಾ ಅಂತ ಎಲ್ಲರೂ ಕೇಳುತ್ತಾರೆ. ನನ್ನ ತಲೆಯಲ್ಲಿ ಕೂತಿರುವುದು ನಾವು ಕೆಲಸ ಮಾಡಿದ ಮನೆ. ಹೌದು, ಮನೆಯೇ. ಬೆಡ್‌ಫರ್ಡ್ ಸ್ಕ್ವೇರ್‌ನಲ್ಲಿ 1775ರಿಂದ 1783ರ ನಡುವೆ ಸಾಲಾಗಿ ಎದ್ದ ಮನೆಗಳಲ್ಲಿ ಒಂದು. ಆಗ ಉಳ್ಳವರು ಸಂಸಾರ ಮಾಡಿಕೊಂಡಿದ್ದ ಜಾಗ, ಈಗ ಬಹುಪಾಲು ಆಫೀಸು. ಮನೆ ಕಟ್ಟುವ ವಿದ್ಯೆ ಕಲಿಸುವ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಕೂಡ 1917ರಿಂದ ಅಲ್ಲೇ ಇದೆ.

ಹೊರಗಿನಿಂದ ಸಾದಾ ಇಟ್ಟಿಗೆ ಗೋಡೆ. ಅಗಲ ಕಡಿಮೆ, ಎತ್ತರ ಜಾಸ್ತಿ, ಪಕ್ಕದ ಮನೆಗೂ ಇದಕ್ಕೂ ನಡುವೆ ಒಂದೇ ಗೋಡೆ. ಅಲಂಕಾರವೆಲ್ಲ ಬಾಗಿಲ ಸುತ್ತ. ಕಮಾನಿನ ನೆತ್ತಿಯಲ್ಲಿ ಗಡ್ಡದ ಮುಖವೊಂದಿದೆ. ಕಲ್ಲು ಅಂದುಕೊಂಡಿದ್ದೆ. ಅದು ಮಣ್ಣಿನ ಮಿಶ್ರಣವನ್ನು ಅಚ್ಚಿಗೆ ಹಾಕಿ ಸುಟ್ಟದ್ದಂತೆ, ಹೆಸರು ಕೋಡ್ ಸ್ಟೋನ್. ಎಲಿನರ್ ಕೋಡ್ ಅನ್ನುವ ಹೆಂಗಸು 1769ರಿಂದ ಲ್ಯಾಂಬೆತ್‌ನಲ್ಲಿ ನಡೆಸಿದ ಕಾರ್ಖಾನೆಯ ಮಾಲು. ಅಷ್ಟು ವರ್ಷದ ಹೊಗೆ, ಮಳೆ ತಿಂದರೂ ಗಡ್ಡ ಎಳೆ ಎಳೆಯಾಗಿ ಕಾಣುತ್ತದೆ!

ಕಿಟಕಿ ನೋಡಿದರೇ ಒಳಗೆ ಯಾರಿದ್ದರು ಅಂತ ಗೊತ್ತಾಗುತ್ತದೆ. ಮೊದಲ ಮಹಡಿಯ ಕಿಟಕಿಗಳು ಎಲ್ಲಕ್ಕಿಂತ ಉದ್ದ, ಯಾಕೆಂದರೆ ನೆಂಟರನ್ನು ಕೂರಿಸುವ ಹಾಲ್ ಅಲ್ಲಿತ್ತು. ಮೇಲೆ ಹೋದಂತೆ ಕಿಟಕಿ ಗಿಡ್ಡ. ಅಟ್ಟದಲ್ಲಿ ಆಳುಗಳು ಮಲಗುತ್ತಿದ್ದರು. ಅಡುಗೆಮನೆ ರಸ್ತೆಗಿಂತ ಕೆಳಗೆ. ಕಲ್ಲಿದ್ದಲಿನ ಕೋಣೆ ಫುಟ್‌ಪಾತ್ ಅಡಿಯಲ್ಲಿ, ಮೇಲಿನ ದುಂಡು ಕಬ್ಬಿಣದ ಮುಚ್ಚಳ ಎತ್ತಿ ಸುರಿದುಬಿಡುತ್ತಿದ್ದರು.

ಈಗ ಆ ಹಾಲ್‌ನಲ್ಲಿ ಮೀಟಿಂಗ್. ಅಟ್ಟದಲ್ಲಿ ಅಕೌಂಟ್ಸ್‌ನವರು. ಆದರೆ ಒಂದು ಗೋಡೆಯನ್ನೂ ಒಡೆದಿಲ್ಲ, ಚಾವಣಿಯ ಗಾರೆ ಹೂಗಳು ಹಾಗೇ ಇವೆ, ಕೇಬಲ್ ಎಲ್ಲ ಮರದ ನೆಲದ ಹಲಗೆಗಳ ಕೆಳಗೆ ಓಡುತ್ತವೆ. ಮನಸ್ಸಿಗೆ ಬಂದಂತೆ ಬದಲಾಯಿಸಲು ಕಾನೂನೂ ಬಿಡುವುದಿಲ್ಲ, ಇವು ಗ್ರೇಡ್ 1, ಅಂದರೆ ಅಲ್ಲಿನ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯವು.

ಒಂದು ದಿನ ಕಿಟಕಿ ಮೇಲೇಳಲಿಲ್ಲ. ರಿಪೇರಿಯವರು ಬಂದು ಚೌಕಟ್ಟಿನ ಪಕ್ಕದ ಸಣ್ಣ ಪಟ್ಟಿ ಬಿಚ್ಚಿದರು. ಒಳಗೆ ಟೊಳ್ಳು. ಅದರಲ್ಲಿ ಹಗ್ಗಕ್ಕೆ ಕಟ್ಟಿದ ಉದ್ದನೆಯ ಕಬ್ಬಿಣದ ಗುಂಡು, ಮೇಲೆ ಪುಟ್ಟ ರಾಟೆ. ನಮ್ಮ ಬಾವಿಯದ್ದೇ ಲೆಕ್ಕ! ಎರಡೂ ಬದಿಯ ಗುಂಡುಗಳ ತೂಕ ಸೇರಿ ಗಾಜಿನ ಚೌಕಟ್ಟಿನ ತೂಕಕ್ಕೆ ಸಮ, ಅದಕ್ಕೇ ಅಷ್ಟು ದೊಡ್ಡ ಕಿಟಕಿ ಒಂದು ಕೈಯಲ್ಲಿ ಏಳುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಹಗ್ಗ ತುಂಡಾಗಿತ್ತು ಅಷ್ಟೇ. ಹೊಸದು ಕಟ್ಟಿದರು, ಅರ್ಧ ಗಂಟೆಯಲ್ಲಿ ಸರಿಯಾಯಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಮುಂಬೈಯ ಫೋರ್ಟ್ ಏರಿಯಾದಲ್ಲಿ 32 ವರ್ಷ ಕ್ಯಾಂಟೀನ್ ನಡೆಸಿದವರು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಅಡುಗೆಮನೆ ಅಷ್ಟು ಕೆಳಗಿದ್ದರೆ ಚಹಾ ಮೇಲೆ ಒಯ್ಯುವುದು ಹೇಗೆ ಮಗಾ?"

"ಮೆಟ್ಟಿಲು ಹತ್ತಿಯೇ ಅಪ್ಪ. ಚಹಾ, ಬಿಸಿನೀರು, ಕಲ್ಲಿದ್ದಲು, ಎಲ್ಲ."

"ಹಾಗಾದರೆ ನಮ್ಮ ಹಾಗೇ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತರು.

ನನಗೆ ಫೋರ್ಟಿನ ನನ್ನ ಹಳೆಯ ಆಫೀಸು ನೆನಪಾಯಿತು. ಅದೂ ಬ್ರಿಟಿಷರ ಕಾಲದ ಕಟ್ಟಡ. ಫಾಲ್ಸ್ ಸೀಲಿಂಗ್ ಕಿಟಕಿಯ ಅರ್ಧಕ್ಕೇ ಅಡ್ಡ ಬಂದಿತ್ತು, ಹಗಲಿಡೀ ಟ್ಯೂಬ್‌ಲೈಟ್. ಒಂದು ಮಳೆಗಾಲದಲ್ಲಿ ಸೋರಿತು ಅಂತ ಸೀಲಿಂಗ್ ಬಿಚ್ಚಿದಾಗ ಮೇಲೆ ಹಸಿರು, ಕೆಂಪು ಗಾಜಿನ ವೆಂಟಿಲೇಟರ್‌ಗಳು ಕಂಡವು, ಬಿಸಿಲು ಮೇಜಿನ ಮೇಲೆ ಬಣ್ಣಬಣ್ಣವಾಗಿ ಬಿತ್ತು, ನಾವೆಲ್ಲ ಕೆಲಸ ಬಿಟ್ಟು ನೋಡುತ್ತಾ ನಿಂತೆವು. ಮುಂದಿನ ವಾರ ಮತ್ತೆ ಮುಚ್ಚಿದರು. ಮುಂಬೈಯಲ್ಲಿ ಹಳೆ ಕಟ್ಟಡಗಳಿಗೆ 1995ರಿಂದ ಹೆರಿಟೇಜ್ ನಿಯಮಗಳಿವೆ, ಆದರೂ ಒಳಗೆ ಹೀಗೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮನೆಯನ್ನು ಆಫೀಸು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಬೀಗ ಹಾಕಿದ ಮನೆಗೆ ಗೆದ್ದಲು ಹಿಡಿಯುವುದನ್ನು ಊರಲ್ಲಿ ನೋಡಿದ್ದೇವೆ ಅಲ್ವಾ. ಆದರೆ ಕೋಣೆಯನ್ನು ಕೋಣೆಯಾಗಿ, ಕಿಟಕಿಯನ್ನು ಕಿಟಕಿಯಾಗಿ ಬಿಡಿ. ಹಿಂಬದಿಯ ಮೆಟ್ಟಿಲನ್ನೂ ಕೀಳಬೇಡಿ.

ಫೋರ್ಟಿನಲ್ಲಿ ಅಪ್ಪ ಚಹಾದ ಸ್ಟ್ಯಾಂಡ್ ಹಿಡಿದು ಹತ್ತುತ್ತಿದ್ದದ್ದು ಕಟ್ಟಡದ ಹಿಂಬದಿಯ ಕಬ್ಬಿಣದ ಸುರುಳಿ ಮೆಟ್ಟಿಲನ್ನು. ಈ ಶನಿವಾರ ಅವರನ್ನು ಕರೆದುಕೊಂಡು ಹೋಗಿ ಅದು ಇನ್ನೂ ಇದೆಯಾ ನೋಡುತ್ತೇನೆ. ಇದ್ದರೆ ಫೋಟೋ ಇಲ್ಲೇ ಹಾಕುತ್ತೇನೆ.