ಕನ್ನಡಿಯೆದುರಿನ ಸಿಟ್ಟಿನ ಮುಖ

ಕಳೆದ ಮಳೆಗಾಲದಿಂದ ವಾರಕ್ಕೊಮ್ಮೆ ಕನ್ನಡಿಯ ಮುಂದೆ ಕುಳಿತು ನನ್ನ ಮುಖವನ್ನೇ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದೇನೆ. ಈವರೆಗಿನ 16 ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡಿದ್ದಾಗ ಅಮ್ಮ ಒಂದನ್ನು ಎತ್ತಿ ನೋಡಿ, "ಇದು ನೀನೇನೇ? ಯಾಕಿಷ್ಟು ಸಿಟ್ಟು? ಮಚ್ಚೆ ಬೇರೆ ಆ ಕೆನ್ನೆಗೆ ಹೋಗಿದೆಯಲ್ಲ" ಎಂದರು.

ಮಚ್ಚೆಯ ವಿಷಯ ಸುಲಭ. ಎಡಗೆನ್ನೆಯ ಮಚ್ಚೆ ಕನ್ನಡಿಯಲ್ಲಿ ನನ್ನ ಎಡಕ್ಕೇ ಕಾಣುತ್ತದೆ, ಹಾಳೆಯ ಎಡಕ್ಕೇ ಇಳಿಯುತ್ತದೆ; ಚಿತ್ರವನ್ನು ನೋಡುವವರಿಗೆ ಅದು ಬಲಗೆನ್ನೆ. ಅಂದರೆ ಇಷ್ಟು ವರ್ಷ ನಾನು ನನ್ನದೆಂದುಕೊಂಡಿದ್ದ ಮುಖವನ್ನು ಮನೆಯವರು ಯಾರೂ ನೋಡಿಯೇ ಇಲ್ಲ.

ಸಿಟ್ಟಿನ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಯಿತು. ಕಣ್ಣಿನ ಒಳತುದಿಗೂ ಮೂಗಿನ ಹೊಳ್ಳೆಗೂ ಇರುವ ಅಂತರವನ್ನು ಅಳೆಯಲು ಮತ್ತೆ ಮತ್ತೆ ತಲೆಯೆತ್ತುವಾಗ ಹುಬ್ಬು ತಾನಾಗಿಯೇ ಗಂಟಿಕ್ಕುತ್ತದೆ, ತುಟಿ ಬಿಗಿಯುತ್ತದೆ. ನಗುತ್ತ ಕುಳಿತರೆ ಅರೆನಿಮಿಷದಲ್ಲಿ ಆ ನಗು ಹಲ್ಲುಕಿರಿಯುವುದಾಗಿ ಬಿಡುತ್ತದೆ. ಅಮ್ಮನಿಗೆ ಗೊತ್ತಿರುವ ನನ್ನ ಮುಖ ಎದುರಿಗೆ ಇನ್ನೊಬ್ಬರಿದ್ದಾಗ ಮಾತ್ರ ಮೂಡುವಂಥದ್ದು. ಒಬ್ಬಳೇ ಕುಳಿತು ಅದನ್ನು ಹಿಡಿಯಲು ಹೊರಟದ್ದೇ ನನ್ನ ತಪ್ಪು.

ಮೊದಲ ಹಾಳೆಗಳಲ್ಲಂತೂ ಈ ಸಿಟ್ಟಿನ ಮುಖವೂ ಇರಲಿಲ್ಲ, ಕಣ್ಣೆಂದರೆ ಹೀಗಿರಬೇಕು ಎಂಬ ನನ್ನ ಕಲ್ಪನೆಯಷ್ಟೇ ಇತ್ತು. ಹೊರಗೆರೆಯನ್ನು ಬಿಟ್ಟು 2ಬಿ ಪೆನ್ಸಿಲಿನಿಂದ ರೆಪ್ಪೆಯ ಕೆಳಗಿನ ನೆರಳನ್ನಷ್ಟೇ ತುಂಬುತ್ತ ಹೋದ ಮೇಲೆ ಒಂದು ರೆಪ್ಪೆ ಕೊಂಚ ಜೋತಿರುವುದು ಕಾಣಿಸಿತು. ಅದನ್ನು ಎತ್ತಿ ನಿಲ್ಲಿಸಲು ಮೂರು ಬಾರಿ ರಬ್ಬರ್ ಹಾಕಿದ್ದೇನೆ. ಹಾಳೆಯಲ್ಲಿ ಗೀರು ಉಳಿದಿದೆ. 1484ರಲ್ಲಿ, 13ರ ವಯಸ್ಸಿನಲ್ಲಿ, ಮುಂದೆ ಜರ್ಮನಿಯ ಹೆಸರಾಂತ ಚಿತ್ರಕಾರನಾದ ಆಲ್ಬ್ರೆಕ್ಟ್ ಡ್ಯೂರರ್ ಕನ್ನಡಿ ನೋಡಿ ತನ್ನನ್ನು ಬಿಡಿಸಿಕೊಂಡದ್ದು ಪೆನ್ಸಿಲಿನಂತೆ ಹಿಡಿಯುವ ಬೆಳ್ಳಿಯ ಮೊನೆಯಿಂದ. ಆ ಗೆರೆಯನ್ನು ಅಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ನನಗಂತೂ ಆ ಧೈರ್ಯವಿಲ್ಲ.

ನೂರಕ್ಕೂ ಹೆಚ್ಚು ಬಾರಿ ತನ್ನನ್ನೇ ಚಿತ್ರಿಸಿಕೊಂಡ ಜರ್ಮನಿಯ ಕೇಟೆ ಕೋಲ್ವಿಟ್ಸ್ 1933ರಲ್ಲಿ ಇದ್ದಿಲಿನಿಂದ ಬಿಡಿಸಿದ ಒಂದು ಚಿತ್ರವನ್ನು ಈಚೆಗೆ ಬಹಳ ನೋಡುತ್ತಿದ್ದೇನೆ. ಅದರಲ್ಲಿ ಅವರು ಎಡಕ್ಕೆ ಪಕ್ಕಮುಖವಾಗಿ ಕುಳಿತು ಚಿತ್ರ ಬರೆಯುತ್ತಿದ್ದಾರೆ. ಮುಖ ಎಚ್ಚರದಿಂದ ಮೂಡಿದೆ, ತೋಳು ಮಾತ್ರ ಅಂಕುಡೊಂಕಾದ ಬಿರುಸಿನ ಗೆರೆಗಳು. ನಮ್ಮನ್ನಾಗಲಿ ತಮ್ಮನ್ನಾಗಲಿ ಅವರು ದಿಟ್ಟಿಸುತ್ತಿಲ್ಲ.

ಹಾಗಾಗಿ ಕಳೆದ ಭಾನುವಾರ ಎರಡು ಕನ್ನಡಿಗಳನ್ನು ಓರೆಯಾಗಿಟ್ಟುಕೊಂಡೆ. ಎರಡನೆಯದರಲ್ಲಿ ಮಚ್ಚೆ ತನ್ನ ಜಾಗಕ್ಕೆ ಮರಳಿತ್ತು. ನಾನೆಂದೂ ಸರಿಯಾಗಿ ನೋಡಿರದ ಕಿವಿಯೊಂದು ಕಂಡಿತು. ಸದ್ಯಕ್ಕೆ ಅದನ್ನಷ್ಟೇ ಬಿಡಿಸಿದ್ದೇನೆ.