ಬೆಳ್ಳಿ ಬಿಲ್ಲೆಯಲ್ಲಿ ಕೆಳದಿಯ ಗಂಡಭೇರುಂಡ: ಇಲ್ಲಿವರೆಗಿನ ಕೆಲಸ

ಜೂನ್ 2

ಅಪ್ಪನಿಗೆ ಈ ಮಾಗಿಯಲ್ಲಿ 70 ತುಂಬುತ್ತದೆ. ಭೀಮರಥ ಶಾಂತಿಯ ದಿನ ಅವರ ಕೈಗೆ ಒಂದು ಬೆಳ್ಳಿ ಬಿಲ್ಲೆ ಇಡಬೇಕು ಅಂತ ಆಸೆ. ಅಂಗಡಿಯಲ್ಲಿ ಸಿಗುವ ಲಕ್ಷ್ಮಿ ಬಿಲ್ಲೆ ಬೇಡ. ಅಪ್ಪ ಹುಟ್ಟಿ ಬೆಳೆದಿದ್ದು ಕೆಳದಿಯಲ್ಲಿ. ಬಿಲ್ಲೆಯ ಮೇಲೂ ಕೆಳದಿಯೇ ಇರಬೇಕು.

ಈ ಯೋಚನೆ ಬಂದಿದ್ದು ನನ್ನ ಸಂಗ್ರಹದ ಒಂದು ಆಸ್ಟ್ರಿಯಾ ನಾಣ್ಯದಿಂದ. 5 ಯೂರೋ ಬೆಳ್ಳಿ ನಾಣ್ಯ, ತೂಕ 10 ಗ್ರಾಂ, ಒಂಬತ್ತು ಮೂಲೆ. ಒಂದು ಮುಖದಲ್ಲಿ ಆ ದೇಶದ ಒಂಬತ್ತೂ ಪ್ರಾಂತ್ಯಗಳ ಲಾಂಛನಗಳಿವೆ. ಟಿರೋಲ್ ಪ್ರಾಂತ್ಯದ್ದು ಹದ್ದು. ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡ ಜಾಗ, ಆದರೂ ಹದ್ದು ಅಂತ ಥಟ್ಟನೆ ಗೊತ್ತಾಗುತ್ತದೆ. ಭೂತಗನ್ನಡಿ ಹಿಡಿದು ಅದನ್ನೇ ನೋಡುತ್ತಾ ಕೂತಾಗ ನಮ್ಮ ಎರಡು ತಲೆಯ ಹಕ್ಕಿ ಗಂಡಭೇರುಂಡ ನೆನಪಾಯಿತು.

ಕರ್ನಾಟಕದ ಲಾಂಛನದಲ್ಲೂ ಅದೇ ಹಕ್ಕಿ ಇದೆ, ಅದನ್ನೇ ಹಾಕಿಸಬಹುದಲ್ವಾ ಅಂತ ತಂಗಿ ಕೇಳಿದಳು. ಅದರ ನೆತ್ತಿಯಲ್ಲಿ ಅಶೋಕ ಸ್ತಂಭದ ಸಿಂಹಗಳಿವೆ. ಅವನ್ನು ಬೇಕಾದ ಕಡೆ ಬಳಸಬಾರದು ಅಂತ 2005ರ ಕಾಯ್ದೆಯೇ ಇದೆ. ನಾಣ್ಯ ಟಂಕಿಸುವ ಹಕ್ಕೂ ಸರ್ಕಾರದ್ದೇ, ಹಾಗಾಗಿ ಮುಖಬೆಲೆ ಹಾಕುವ ಮಾತಿಲ್ಲ.

ಜೂನ್ 16

ಗಂಡಭೇರುಂಡದ ಹಳೆಯ ಶಿಲ್ಪ ನೋಡಲು ಬಳ್ಳಿಗಾವಿಗೂ ಕೆಳದಿಗೂ ಹೋಗಿ ಬಂದೆ. ಬಳ್ಳಿಗಾವಿಯ ಭೇರುಂಡ ಸ್ತಂಭ 1047ರದ್ದು. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಎಷ್ಟು ನೋಡಿದರೂ ಸಾಲದು, ಆದರೆ ನಿಂತ ಆಕೃತಿ ದುಂಡು ಬಿಲ್ಲೆಗೆ ಒಗ್ಗುವುದಿಲ್ಲ. ಕೆಳದಿಯ ರಾಮೇಶ್ವರ ದೇವಸ್ಥಾನದ ಗಂಡಭೇರುಂಡ ಇರುವುದು ಛಾವಣಿಯಲ್ಲಿ. ಕತ್ತೆತ್ತಿ ಫೋಟೊ ತೆಗೆದರೆ ಒಂದು ರೆಕ್ಕೆ ದೊಡ್ಡದಾಗಿ ಬರುತ್ತೆ. ಕೊನೆಗೆ ಫೋನನ್ನು ನೆಲದ ಮೇಲೆ ಅಂಗಾತ ಇಟ್ಟು, ಟೈಮರ್ ಹಾಕಿ ತೆಗೆದೆ. ಆಗ ಎರಡೂ ಕಡೆ ಸಮ ಬಂತು.

ಜುಲೈ 9

ಚಿತ್ರ ಆರು ಸಲ ಬದಲಾಯಿತು. ಬಿಲ್ಲೆ 35 ಮಿ.ಮೀ. ಅಗಲ, 20 ಗ್ರಾಂ, ಸುಮಾರು 2 ಮಿ.ಮೀ. ದಪ್ಪ. ಮೊದಲು ರೆಕ್ಕೆಗೆ ಇಪ್ಪತ್ತೆರಡು ಗರಿ ಬರೆದಿದ್ದೆ. ಅಳತೆಗೆ ಇಳಿಸಿದರೆ ಬರೀ ಗೀರು. ಈಗ ಒಂಬತ್ತೇ ಗರಿ, ಹಕ್ಕಿಗೆ ಜೀವ ಬಂದಿದೆ.

ವಿಜಯನಗರದ ಅರಸ ಅಚ್ಯುತರಾಯನ ವರಹದಲ್ಲಿ, ಅಂದರೆ ಚಿನ್ನದ ನಾಣ್ಯದಲ್ಲಿ, ಗಂಡಭೇರುಂಡ ಆನೆಗಳನ್ನು ಹಿಡಿದು ನಿಂತಿದೆ. ವರಹದ ತೂಕ ಮೂರೂವರೆ ಗ್ರಾಂ ಕೂಡ ಇಲ್ಲ. ಅಷ್ಟರಲ್ಲಿ ಹಕ್ಕಿ, ಕೊಕ್ಕು, ಆನೆ ಎಲ್ಲವನ್ನೂ ಕೊರೆದವನ ಕಣ್ಣು ಎಂಥದ್ದು! ಕೆಳದಿಯ ಅರಸರ ವರಹದಲ್ಲಿರುವುದು ಶಿವ ಪಾರ್ವತಿ, ಹಿಂದೆ ನಾಗರಿಯಲ್ಲಿ ‘ಶ್ರೀ ಸದಾಶಿವ’. 1763ರಲ್ಲಿ ಅವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಕೂಡ ಆ ಶಿವ ಪಾರ್ವತಿಯರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪರ್ಶಿಯನ್ ಅಕ್ಷರ ಹಾಕಿಸಿದ. ಜನ ನಂಬಿದ ಮುಖವನ್ನು ಅವನು ಬದಲಿಸಲಿಲ್ಲ.

ಆಗಸ್ಟ್ 3

ಬೆಳ್ಳಿ ಹೊಸದಲ್ಲ. ಅಪ್ಪನ ಅಮ್ಮನ ಮುರಿದ ಕಾಲ್ಗಡಗ ಅಮ್ಮನ ಪೆಟ್ಟಿಗೆಯಲ್ಲಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಬೆಸುಗೆ ಇದ್ದ ಕಡೆ ಕತ್ತರಿಸಿ ತೆಗೆದು, ಶುದ್ಧ ಮಾಡಿ, ತಾಮ್ರ ಬೆರೆಸಿ 925ಕ್ಕೆ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿಗೆ, ತಂದರು.

ಮೊದಲು ಎರಕ ಹೊಯ್ದು ನೋಡಿದೆವು. ಆರಿದ ಮೇಲೆ ಮೇಲ್ಮೈ ತುಂಬಾ ಸಾಸಿವೆಗಿಂತ ಸಣ್ಣ ತೂತು, ಒಂದು ಕೊಕ್ಕೇ ಇಲ್ಲ. ನಾನು ಮಂಕಾಗಿ ಕೂತಿದ್ದು ನೋಡಿ ಆಚಾರ್ರು ಹೇಳಿದರು: “ಬೆಳ್ಳಿ ಕರಗಿದಾಗ ಗಾಳಿ ಕುಡಿಯುತ್ತೆ ಮಾರಾಯ, ಆರುವಾಗ ಉಗುಳುತ್ತೆ.” ನಿಜ. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಹೊರಗೆ ಬಿಡುತ್ತದೆ. ಎರಡನೇ ಸಲ ಮೂಸೆಗೆ ಬಿಳಿಗಾರ ಹಾಕಿ, ಮೇಲೆ ಇದ್ದಿಲು ಮುಚ್ಚಿದರು. ಈ ಸಲ ತೂತಿಲ್ಲ. ಆದರೂ ಗರಿಯ ಅಂಚು ಮೊಂಡು. ಎರಕ ಬೇಡ, ಅಚ್ಚೇ ಒತ್ತಿಸೋಣ ಅಂತ ಇಬ್ಬರೂ ಒಪ್ಪಿದೆವು.

ಸೆಪ್ಟೆಂಬರ್ 14

ಉಕ್ಕಿನ ಅಚ್ಚು ಎರಡು. ಹಿಂಬದಿಗೆ ‘ಕೆಳದಿ’ ಅಂತ ನಾನೇ ಗೀರಿ ಕೊಟ್ಟಿದ್ದೆ. ಆಚಾರ್ರು ಉಳಿ ಇಡುವ ಮೊದಲು ಸುಮ್ನೆ ಒಂದು ಕನ್ನಡಿ ತಂದು ಅದರ ಮುಂದೆ ಹಿಡಿದರು. ಕನ್ನಡಿಯಲ್ಲಿ ಅಕ್ಷರ ಉಲ್ಟಾ. ಅಚ್ಚಿನ ಅಕ್ಷರ ಕನ್ನಡಿಯಲ್ಲೇ ಸರಿ ಕಾಣಬೇಕು. ಅಳಿಸಿ ಮತ್ತೆ ಗೀರಿದೆ. ಕೊರೆದಾದ ಮೇಲೆ ಅರಗಿನ ಮೇಲೆ ಒತ್ತಿ ನೋಡಿದೆವು. ‘ಳ’ದ ಹೊಟ್ಟೆ ಮುಚ್ಚಿಹೋಗಿತ್ತು. ಅದನ್ನು ಇನ್ನೂ ಸ್ವಲ್ಪ ಬಿಡಿಸಿದರು.

ಸೆಪ್ಟೆಂಬರ್ 28

ಮಾಚೇನಹಳ್ಳಿ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಹೈಡ್ರಾಲಿಕ್ ಪ್ರೆಸ್ ಸಿಕ್ಕಿತು. ಮೊದಲ ಒತ್ತಿಗೆ ರೆಕ್ಕೆ ಬಂತು, ಕುತ್ತಿಗೆ ಬರಲಿಲ್ಲ. ಅಚ್ಚಿನಲ್ಲಿ ಆಳ ಜಾಸ್ತಿ ಇರುವುದು ಅಲ್ಲೇ. ಒತ್ತಿದ ಬೆಳ್ಳಿ ಗಡುಸಾಗುತ್ತದೆ, ಮತ್ತೆ ಒತ್ತಿದರೆ ಹರಿಯುವುದಿಲ್ಲ. ಕೆಂಪಗೆ ಕಾಯಿಸಿ, ನೀರಿಗೆ ಹಾಕಿ, ಹುಣಸೆಹುಳಿಯಲ್ಲಿ ಕುದಿಸಿ ಕಪ್ಪು ತೆಗೆದು ಎರಡನೇ ಸಲ ಒತ್ತಿದೆವು. ಮೂರನೇ ಒತ್ತಿಗೆ ಎರಡೂ ತಲೆ ಎದ್ದವು. ಎಡಗಡೆಯ ಕಣ್ಣಿನ ಚುಕ್ಕೆ ಬೆರಳಿಗೂ ಸಿಗುತ್ತದೆ.

ಅಂಚಿಗೆ ಇನ್ನೂ ಅರ ಹಿಡಿಯಬೇಕು, ಹೊಳಪು ಕೊಡಬೇಕು. ನಮ್ಮ ಮಳೆಗಾಲದ ಥಂಡಿಗೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ಸದ್ಯ ಒಂದು ತುಂಡು ಸೀಮೆಸುಣ್ಣದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಪ್ಪ ಕೈ ಹಾಕದ ಮೆಣಸಿನಪುಡಿ ಡಬ್ಬಿಯ ಹಿಂದೆ ಅಮ್ಮ ಇಟ್ಟಿದ್ದಾಳೆ.