ಕಲ್ಲು ಬೆಳ್ಳಗಾಯಿತು, ನೀರು ಇನ್ನೂ ಒಪ್ಪಿಲ್ಲ: ಏಳನೇ ವಾರ

ಉಪ್ಪುನೀರಿನ ಮೀನು ಸಾಕಲು ಇಟ್ಟ ಟ್ಯಾಂಕ್ ಖಾಲಿಯೇ ಇದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅಂಚಿನವರೆಗೆ ತುಂಬಿದರೆ 190 ಲೀಟರ್. ಸದ್ಯಕ್ಕೆ ಅದರ ಮೇಲೆ ಹಲಗೆ ಹಾಕಿ ಮನೆಯವರು ಇಸ್ತ್ರಿ ಬಟ್ಟೆ ಇಡುತ್ತಿದ್ದಾರೆ. ಟ್ಯಾಂಕಿನೊಳಗೆ ಇಡಬೇಕಾದ ಹಳೇ ಕಲ್ಲನ್ನು ಶುದ್ಧ ಮಾಡುವ ಕೆಲಸವೆಲ್ಲ ನಡೆಯುತ್ತಿರುವುದು ಹಿತ್ತಲಲ್ಲಿ, ನೀಲಿ ಡ್ರಮ್ಮಿನೊಳಗೆ.

ಕಲ್ಲು ಬಂದದ್ದು ಹೈದರಾಬಾದಿನಿಂದ. ಪರಿಚಯದವರೊಬ್ಬರು ಉಪ್ಪುನೀರಿನ ಟ್ಯಾಂಕ್ ಮುಚ್ಚಿ ಎರಡು ವರ್ಷ ಆಗಿತ್ತು. ಕಲ್ಲು ಮಾಳಿಗೆ ಮೇಲೆ ಗೊಬ್ಬರದ ಚೀಲದಲ್ಲಿ ಒಣಗುತ್ತಾ ಬಿದ್ದಿತ್ತು. ನಾನು ಮೊದಲು ಕೇಳಿದ್ದು, ಇದು ಸಮುದ್ರದಿಂದ ಕಿತ್ತ ಹವಳದ ಕಲ್ಲಾ ಅಂತ. ಹವಳ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಅಲ್ಲ, ಅಚ್ಚಿಗೆ ಹಾಕಿ ಮಾಡಿದ ಸುಣ್ಣದ ಕಲ್ಲು, ಬಿಲ್ಲೂ ಇತ್ತು. ತೂಕ 14 ಕೆಜಿ.

ರೈಲಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತಳ್ಳಿ ತಂದೆ. ಎದುರಿಗೆ ಕೂತಿದ್ದ ಅಜ್ಜ, "ಚೀಲದಾಗ ಏನದ ತಮ್ಮಾ?" ಅಂದರು. "ಕಲ್ಲ್ರೀ" ಅಂದೆ. ಅಷ್ಟೊತ್ತಿಗೆ ಗಾಡಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಊರಾದ ಶಹಾಬಾದ್ ಹತ್ತಿರ ಬಂದಿತ್ತು. ಅಜ್ಜ ಒಮ್ಮೆ ಕಿಟಕಿಯ ಹೊರಗೆ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಮಾತಾಡಲಿಲ್ಲ.

ಮೊದಲ ವಾರ ಬರೀ ಉಜ್ಜುವುದು. ಹಳೇ ಟೂತ್ ಬ್ರಷ್, ಸ್ಕ್ರೂಡ್ರೈವರ್, ಮಾಸ್ಕ್, ಕನ್ನಡಕ. ತೂತುಗಳಲ್ಲಿ ಒಣಗಿದ ಪಾಚಿ, ಸ್ಪಂಜು, ಬಿಳಿ ಹುಳದ ಕೊಳವೆಗಳು. ಒಣಗಿದಾಗ ಏನೂ ವಾಸನೆ ಇಲ್ಲ. ನೀರು ಬಿದ್ದದ್ದೇ ತಡ, ಮೀನು ಮಾರ್ಕೆಟ್ಟಿನ ಸಂಜೆ ವಾಸನೆ. "ಕುದಿಸಿಬಿಡು, ಎಲ್ಲಾ ಸಾಯ್ತದ" ಅಂತ ಗೆಳೆಯ ಸಲಹೆ ಕೊಟ್ಟ. ಬೇಡವೇ ಬೇಡ. ಇಂಥ ಕಲ್ಲಿನ ಮೇಲೆ ಜೋವಾಂಥಿಡ್ (ಹವಳದ ಹತ್ತಿರದ ಸಂಬಂಧಿ ಜೀವಿ) ಬೆಳೆದಿದ್ದರೆ ಪ್ಯಾಲಿಟಾಕ್ಸಿನ್ ಅನ್ನೋ ವಿಷ ಉಳಿದಿರಬಹುದು. ಕುದಿಸಿದರೆ ಅದು ಹಬೆಯ ಜೊತೆ ಮೂಗಿಗೆ ಬರುತ್ತದೆ. ಹೀಗೆ ಮಾಡಿ ಇಡೀ ಮನೆಯವರು ಆಸ್ಪತ್ರೆ ಸೇರಿದ್ದುಂಟು.

ಎರಡನೇ ವಾರ ಬ್ಲೀಚ್. 40 ಲೀಟರ್ ನೀರಿಗೆ 4 ಲೀಟರ್, ಪರಿಮಳ ಇಲ್ಲದ್ದು. ಮೂರು ದಿನ ನೆನೆಸಿದೆ. ಚಹಾ ಬಣ್ಣದ ನೊರೆ ಬಂತು. ಆಮೇಲೆ ನಾಲ್ಕು ಸಲ ತೊಳೆದು, ಆಂಟಿ ಕ್ಲೋರಿನ್ ಹಾಕಿದ ನೀರಿನಲ್ಲಿ ಒಂದು ದಿನ ಇಟ್ಟು, ಫರಸಿ ಮೇಲೆ ಹರವಿದೆ. ಮೇ ತಿಂಗಳ ನಮ್ಮ ಕಲಬುರಗಿ ಬಿಸಿಲು, 42 ಡಿಗ್ರಿ. ಉಪ್ಪುನೀರಿನ ಹವ್ಯಾಸಕ್ಕೆ ಈ ಊರು ಕೊಡುವ ಸಹಾಯ ಇದೊಂದೇ. ಎರಡು ದಿನಕ್ಕೆ ಕಲ್ಲು ಹಪ್ಪಳದ ಹಾಗೆ ಒಣಗಿ ಹಾಲಿನಷ್ಟು ಬೆಳ್ಳಗಾಯಿತು. ಮುಗೀತು ಅಂದುಕೊಂಡೆ. ಒಂದು ಕಲ್ಲನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಇಟ್ಟು ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ನೋಡಿದರೆ 1.4 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ). ನನಗೆ ಬೇಕಾದದ್ದು 0.1ರ ಆಸುಪಾಸು. ಬ್ಲೀಚ್ ಕೊಳೆತದ್ದನ್ನು ಸುಡುತ್ತದೆ, ಕಲ್ಲೊಳಗೆ ಕೂತ ಫಾಸ್ಫೇಟನ್ನು ಮುಟ್ಟುವುದಿಲ್ಲ.

ಅದಕ್ಕೇ ಆ್ಯಸಿಡ್. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಇದನ್ನು ಸುಮ್ನೆ ಮಾರುವ ಹಾಗಿಲ್ಲ. ಗುರುತಿನ ಚೀಟಿ ತೋರಿಸಿ, ರಿಜಿಸ್ಟರಿನಲ್ಲಿ ಕಾರಣ ಬರೆಸಬೇಕು. "ಕಲ್ಲು ತೊಳೆಯಲು" ಅಂತ ಬರೆಸಿದೆ. ಅಂಗಡಿಯವರು ಪೆನ್ನು ನಿಲ್ಲಿಸಿ ನೋಡಿದರು. ಬ್ಲೀಚ್ ಇಟ್ಟಿದ್ದ ಟಬ್ ಬೇಡ, ಬೇರೆಯದೇ ತಗೊಳ್ಳಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮೊದಲು ನೀರು, ಆಮೇಲೆ ನಿಧಾನಕ್ಕೆ ಆ್ಯಸಿಡ್, ಹತ್ತಕ್ಕೆ ಒಂದು. ಕಲ್ಲು ಇಳಿಸಿದ ಕೂಡಲೇ ಸೋಡಾ ಬಾಟಲಿ ಬಿಚ್ಚಿದ ಹಾಗೆ ಸುರ್ರೆಂದಿತು. ಹತ್ತು ನಿಮಿಷದಲ್ಲಿ ಸದ್ದು ಇಳಿಯಿತು.

ಆಗ ತಪ್ಪು ಮಾಡಿದೆ. ಟಬ್ ಒಂದಿಷ್ಟು ಸರಿಸೋಣ ಅಂತ ಎಳೆದೆ, ಅಂಚಿನಿಂದ ಒಂದು ಚೊಂಬಿನಷ್ಟು ನೆಲಕ್ಕೆ ಚೆಲ್ಲಿತು. ನೆಲವೂ ಸುರ್ರೆಂದಿತು! ಹೌದಲ್ಲ, ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಯಾವುದೋ ಕಾಲದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅಡುಗೆ ಸೋಡಾ ತಂದು ಸುರಿಯುವಷ್ಟರಲ್ಲಿ, ನಲವತ್ತು ವರ್ಷ ಕಾಲಲ್ಲಿ ಉಜ್ಜಿ ನುಣುಪಾಗಿದ್ದ ಬೂದು ಕಲ್ಲಿನ ಮೇಲೆ ತಟ್ಟೆಯಗಲದ ಬಿಳಿ ಕಲೆ. ಕೈಯಾಡಿಸಿದರೆ ಮರಳುಕಾಗದ.

"ಫರಸಿ ಖರಾಬ್ ಮಾಡ್ದಿ ನೋಡು," ಅಂದಳು ಅವ್ವ. "ಮೀನ ಇಲ್ಲದ ಕಲ್ಲಿಗಿ ಇಷ್ಟ್ಯಾಕ ಸೇವಾ ಮಾಡ್ಲತ್ತೀ?"

ತೊಳೆದು ಒಣಗಿಸಿ ತೂಗಿದೆ. 13.2 ಕೆಜಿ. 800 ಗ್ರಾಂ ಕಲ್ಲು, ಅದರೊಳಗಿನ ಕೊಳೆ ಸಮೇತ ಕರಗಿ ಹೋಗಿತ್ತು.

ಮೂರನೇ ವಾರದ ಕೊನೆಯಿಂದ ಡ್ರಮ್ಮಿನಲ್ಲಿದೆ. ನಮ್ಮ ಬೋರ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಲೆಕ್ಕ, 860. ಅಡುಗೆಮನೆಯ ಆರ್‌ಒ 60ಕ್ಕೆ ಇಳಿಸುತ್ತದೆ, ಅದರ ಮುಂದೆ ಉಳಿದ ಲವಣವನ್ನೂ ಹೀರುವ ಡಿಐ ರಾಳದ ಕೊಳವೆ ಜೋಡಿಸಿದ ಮೇಲೆ ಸೊನ್ನೆ. ಫಿಲ್ಟರ್ ಹೊರಗೆ ಬಿಟ್ಟ ನೀರೆಲ್ಲ ಅವ್ವನ ನೆಲ ಒರೆಸಲು. ಕಲೆಯ ಸಿಟ್ಟು ಸ್ವಲ್ಪ ಇಳಿದಿದ್ದು ಅದರಿಂದಲೇ. 50 ಲೀಟರಿಗೆ ಸುಮಾರು 1.9 ಕೆಜಿ ಸಮುದ್ರದ ಉಪ್ಪಿನ ಮಿಶ್ರಣ ಬಿತ್ತು, ಸಾಂದ್ರತೆ 1.025. ಒಂದು ಪವರ್‌ಹೆಡ್ (ನೀರು ಸುತ್ತಿಸುವ ಪುಟ್ಟ ಪಂಪು), ಮೇಲೆ ಮುಚ್ಚಳ. ಬೆಳಕು ಬಿದ್ದರೆ ಪಾಚಿ ಬರುತ್ತದೆ. ಬೇರೆ ಊರಿನವರು ಹೀಟರ್ ಹಾಕುತ್ತಾರೆ, ಇಲ್ಲಿ ನೀರು ತಾನಾಗೇ 33 ಡಿಗ್ರಿ. ಆವಿಯಾದಷ್ಟನ್ನು ದಿನಾ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪು ಆವಿಯಾಗಲ್ಲ, ಅಲ್ವಾ?

ಮೀನಿನ ಹೊಲಸಿನಿಂದ ಹುಟ್ಟುವ ವಿಷ ಅಮೋನಿಯಾ. ಅದರ ಕಥೆ ಬೇಗ ಮುಗಿಯಿತು. ಅದನ್ನು ತಿನ್ನುವ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿದ್ದೆ. ಈಗ 2 ಪಿಪಿಎಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಎರಡು ದಿನದಲ್ಲಿ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ.

ಕಾಡುತ್ತಿರುವುದು ಫಾಸ್ಫೇಟ್. ಡ್ರಮ್ಮಿನಲ್ಲಿ ಮೊದಲ ಸಲ 0.9 ಇತ್ತು. ನೀರು ಪೂರ್ತಿ ಬದಲಿಸಿದೆ, 0.1. ಕುಣಿದಾಡಿದೆ. ನಾಲ್ಕು ದಿನ ಬಿಟ್ಟು ನೋಡಿದರೆ 0.6. ನೀರಲ್ಲಿ ಕಡಿಮೆಯಾದಷ್ಟೂ ಕಲ್ಲು ಒಳಗಿನದನ್ನು ಹೊರಗೆ ಬಿಡುತ್ತದೆ. ಸಾಲಗಾರನ ಮನೆಗೆ ಹೋದ ಹಾಗೆ, ಹೋದಾಗಲೆಲ್ಲ ಅಷ್ಟಿಷ್ಟೇ ಕೊಡುತ್ತದೆ. ಹೋದ ವಾರದಿಂದ ಫಾಸ್ಫೇಟನ್ನು ಹಿಡಿದು ಗಸಿ ಮಾಡುವ ಲ್ಯಾಂಥನಮ್ ಕ್ಲೋರೈಡನ್ನು ನೀರಿನಲ್ಲಿ ಚೆನ್ನಾಗಿ ತೆಳುಮಾಡಿ, ಡ್ರಿಪ್ ಸೆಟ್ಟಿನಿಂದ ಹನಿಹನಿಯಾಗಿ ಬಿಡುತ್ತಿದ್ದೇನೆ. ನೀರು ಮಜ್ಜಿಗೆಯಂತಾಗುತ್ತದೆ, ಆ ಬಿಳಿ ಗಸಿಯನ್ನು ಫಿಲ್ಟರ್ ಬಟ್ಟೆ ಹಿಡಿಯುತ್ತದೆ. ಮೀನಿರುವ ಟ್ಯಾಂಕಿನಲ್ಲಿ ಇಷ್ಟು ಧಾರಾಳವಾಗಿ ಹಾಕುವ ಧೈರ್ಯ ನನಗಿಲ್ಲ. ಈ ಕೆಲಸ ಡ್ರಮ್ಮಿನಲ್ಲೇ ಮುಗಿಯಲಿ ಅಂತ ಇರುವುದೂ ಅದಕ್ಕೇ.

ನಿನ್ನೆಯ ಲೆಕ್ಕ 0.16. ಹನಿ ನಿಲ್ಲಿಸಿದ್ದೇನೆ. ಮುಂದಿನ ಗುರುವಾರ ಅಳೆದಾಗಲೂ 0.1ರ ಆಸುಪಾಸಿನಲ್ಲೇ ಇದ್ದರೆ ಇಸ್ತ್ರಿ ಬಟ್ಟೆಗೆ ಬೇರೆ ಜಾಗ ಹುಡುಕಬೇಕು.